ಖಾಲಿ ಡಬ್ಬಿ ವಾಪಸ್ ಹೋದ ಮೇಲೆ

ಪ್ರಶ್ನೆ: ನಾವು ದಾವಣಗೆರೆಯವರು. ಮಗಳಿಗೆ ಹತ್ತು ವರ್ಷ, ಮನೆ ಹತ್ತಿರದ ಅನುದಾನಿತ ಶಾಲೆಯಲ್ಲಿ ಐದನೇ ತರಗತಿ. ಒಂದನೇ ತರಗತಿಯಿಂದಲೂ ಅವಳಿಗೆ ಒಬ್ಬಳೇ ಜೀವದ ಗೆಳತಿ, ಮುಸ್ಲಿಮರ ಹುಡುಗಿ. ಆ ಹುಡುಗಿಯ ತಂದೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ನನ್ನ ಯಜಮಾನರು ಬ್ಯಾಂಕಿನಲ್ಲಿದ್ದಾರೆ. ನಮ್ಮದು ಲಿಂಗಾಯತರ ಮನೆ, ಮಾಂಸ ಮುಟ್ಟುವವರಲ್ಲ. ಅತ್ತೆ ದಿನಾ ಲಿಂಗಪೂಜೆ ಮಾಡುತ್ತಾರೆ. ಹುಡುಗಿ ನಮ್ಮ ಮನೆಗೆ ಬಂದು ಹಾಲ್‌ನಲ್ಲಿ ಆಡಿಕೊಂಡು ಹೋಗುತ್ತಿದ್ದಳು. ಈ ವರ್ಷ, 2025ರಲ್ಲಿ, ಮಾರ್ಚ್ 30ಕ್ಕೆ ಯುಗಾದಿ ಬಂತು. ಅವತ್ತು ನಮ್ಮಲ್ಲಿ ಹೋಳಿಗೆ ತಿಂದು, ಮನೆಗೂ ಕಟ್ಟಿಸಿಕೊಂಡು ಹೋದಳು. ಮರುದಿನವೇ ರಂಜಾನ್. ಹೊಸ ಬಟ್ಟೆ ಹಾಕಿಕೊಂಡು ಸ್ಟೀಲ್ ಡಬ್ಬಿಯಲ್ಲಿ ಸುರ್ಕುಂಬಾ, ಅವರ ಹಬ್ಬದ ಶಾವಿಗೆ ಪಾಯಸ, ತಂದಳು. ಅತ್ತೆಯ ಮುಖ ನೋಡಿ ನಾನು ಅದನ್ನು ಹಿತ್ತಲಿನ ಬಚ್ಚಲಿಗೆ ಚೆಲ್ಲಿ, ಡಬ್ಬಿ ತೊಳೆದು ಆಗಲೇ ಅವಳ ಕೈಗೆ ಕೊಟ್ಟು ಕಳಿಸಿದೆ. ಮಗಳು ನೋಡಿಬಿಟ್ಟಳು. ಅಂದಿನಿಂದ ಆ ಹುಡುಗಿ ಮನೆಗೆ ಬಂದಿಲ್ಲ. ಶಾಲೆಯಲ್ಲಿ ಮಾತಾಡುತ್ತಾರಂತೆ, ಆದರೆ ಮೊದಲಿನ ಹಾಗಲ್ಲ. ಮೊನ್ನೆ ಮಗಳು "ಅಮ್ಮ, ಅವರು ಬೇರೆ ಏನು?" ಅಂದಳು. "ಹಂಗೇನಿಲ್ಲ, ಎಲ್ಲರೂ ಒಂದೇ" ಅಂದೆ. "ಮತ್ತ್ಯಾಕೆ ಚೆಲ್ಲಿದಿ?" ಅಂದಳು. ನನಗೆ ಬಾಯಿ ಕಟ್ಟಿತು. ಬರುವ ವರ್ಷ ಆರನೇ ತರಗತಿಗೆ ಅವಳನ್ನು ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಬೇಕೆಂದು ಯಜಮಾನರು ಹೇಳುತ್ತಿದ್ದಾರೆ. ಮಗಳಿಗೆ ಏನು ಹೇಳಲಿ? ಈ ಗೆಳೆತನವನ್ನು ಹೀಗೇ ಬಿಟ್ಟರೆ ತಾನಾಗಿ ಸರಿಹೋಗುತ್ತದೆಯೇ?

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ಆ ಡಬ್ಬಿಯ ಹತ್ತಿರ ಬಂದಾಗ ಮುಂದೆ ಹೋಗಲಾಗಲಿಲ್ಲ. ನಮ್ಮ ಕಡೆ ಯಾರ ಮನೆಯ ಡಬ್ಬಿಯನ್ನೂ ಖಾಲಿ ಕಳಿಸುವುದಿಲ್ಲ. ಬೇರೇನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಈ ಪದ್ಧತಿ ಅವರಲ್ಲೂ ಇದೆ. ಇನ್ನೂ ನೀರು ತೊಟ್ಟಿಕ್ಕುವ ಖಾಲಿ ಡಬ್ಬಿ ಹತ್ತು ನಿಮಿಷದೊಳಗೆ ಕೈಗೆ ಬಂದಾಗ ಆ ಹುಡುಗಿಗೆ ಏನನ್ನಿಸಿತೋ ಏನೋ, ಅವಳ ತಾಯಿಗಂತೂ ಡಬ್ಬಿ ಮುಟ್ಟಿದ ಕೂಡಲೇ ಎಲ್ಲ ತಿಳಿದಿರುತ್ತದೆ. ಬಾಯಿಗೆ ಹಾಕಿಕೊಂಡವರು ಡಬ್ಬಿಯನ್ನು ಅಷ್ಟು ಬೇಗ ತೊಳೆದು ಕೊಡುವುದಿಲ್ಲ. "ಇನ್ನು ಅಲ್ಲಿಗೆ ಹೋಗಬ್ಯಾಡವ್ವ" ಎಂದು ಮಗಳಿಗೆ ಮೆಲ್ಲಗೆ ಹೇಳಿರಬಹುದು. ಏನೂ ಹೇಳದೆ ಡಬ್ಬಿಯನ್ನು ತೆಗೆದಿಟ್ಟಿರಲೂಬಹುದು.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ, ತಾನಾಗಿ ಸರಿಹೋಗುವುದಿಲ್ಲ. ಮಕ್ಕಳ ಜಗಳವಾಗಿದ್ದರೆ ಸರಿಹೋಗುತ್ತಿತ್ತು. ಬೆಳಿಗ್ಗೆ ಟೂ ಬಿಟ್ಟವರು ಮಧ್ಯಾಹ್ನ ಒಂದೇ ಬಾಕ್ಸ್‌ನಲ್ಲಿ ಉಣ್ಣುತ್ತಾರೆ. ಇಲ್ಲಿ ಇಬ್ಬರೂ ಜಗಳವನ್ನೇ ಆಡಿಲ್ಲ. ಆಡದ ಜಗಳವನ್ನು ಮಕ್ಕಳು ಹೇಗೆ ತಾನೇ ಬಗೆಹರಿಸಿಕೊಂಡಾರು? ದೊಡ್ಡವರಿಂದ ಆದದ್ದು, ದೊಡ್ಡವರೇ ಸರಿಮಾಡಬೇಕು.

ನಾನು ಶಾಲಾ ಮಕ್ಕಳ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಧರ್ಮ, ಜಾತಿ, ದುಡ್ಡಿನ ಕಾರಣಕ್ಕೆ ಗೆಳೆತನ ಮುರಿದ ಮಕ್ಕಳು ಎಷ್ಟೋ ಮಂದಿ ನನ್ನ ಮುಂದೆ ಕುಳಿತಿದ್ದಾರೆ. ಅವರಲ್ಲಿ ದ್ವೇಷದಿಂದ ದೂರವಾದವರು ಕಡಿಮೆ. ಹೆಚ್ಚಿನವರ ಬಾಯಲ್ಲಿ ಒಂದೇ ಮಾತು: "ಏನೂ ಆಗಿಲ್ಲ ಮೇಡಂ, ಸುಮ್ನೆ." ಆ 'ಸುಮ್ನೆ' ಎಂಬುದನ್ನು ಬಿಡಿಸುತ್ತಾ ಹೋದರೆ ಒಳಗೆ ಒಂದು ಲೋಟವೋ, ಒಂದು ಬಾಗಿಲೋ, ಅಜ್ಜಿಯ ಒಂದು ನೋಟವೋ ಸಿಗುತ್ತದೆ.

ನನ್ನದೇ ಒಂದು ಸಂಗತಿ ಹೇಳಬೇಕು. ಇಷ್ಟು ವರ್ಷವಾದರೂ ಹೇಳುವಾಗ ಗಂಟಲು ಹಿಡಿಯುತ್ತದೆ. ನಾನು ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವಳು. ಊರಿನಾಚೆ ಅರ್ಧ ಮೈಲಿಗೆ ಲಂಬಾಣಿ ತಾಂಡಾ. ಅಲ್ಲಿಂದ ಬರುತ್ತಿದ್ದ ಒಬ್ಬ ಹುಡುಗಿ, ನಾನು, ಇಬ್ಬರೂ ಒಂದೇ ಹಲಗೆಯ ಮೇಲೆ ಕೂರುತ್ತಿದ್ದೆವು. ಅವಳ ಮನೆಮಾತು ಗೋರ್ ಬೋಲಿ. ಕನ್ನಡವನ್ನು ಅವಳು ನನ್ನ ಬಾಯಿಂದಲೇ ಕಲಿತಳು. ನಾನು ಅವಳ ಮಾತಿನಲ್ಲಿ ಎರಡು ಶಬ್ದ ಕಲಿಯಲಿಲ್ಲ. ಕಲಿಯಬಹುದು ಎಂದೂ ಹೊಳೆಯಲಿಲ್ಲ. ಅವಳು ಉಚ್ಚಾರ ತಪ್ಪಿದಾಗ ತರಗತಿಯೆಲ್ಲ ನಗುತ್ತಿತ್ತು, ನಾನೂ ನಗುತ್ತಿದ್ದೆ.

ಶಾಲೆ ಬಿಟ್ಟ ಮೇಲೆ ಅವಳು ನಮ್ಮ ಮನೆಗೆ ಬರುತ್ತಿದ್ದಳು. ಇಬ್ಬರೂ ಜಗಲಿಯ ಮೇಲೆ ಕೂರುತ್ತಿದ್ದೆವು. ಅವ್ವ ಇಬ್ಬರಿಗೂ ಮಂಡಕ್ಕಿ ಕೊಡುತ್ತಿದ್ದಳು, ನನಗೆ ತಟ್ಟೆಯಲ್ಲಿ, ಅವಳಿಗೆ ಮುತ್ತುಗದ ಎಲೆಯಲ್ಲಿ. ಅವ್ವ ಕೆಟ್ಟವಳಲ್ಲ. ಎಲೆಗೆ ಹಾಕುವಾಗ ಒಂದು ಹಿಡಿ ಹೆಚ್ಚೇ ಹಾಕುತ್ತಿದ್ದಳು. ಎರಡೋ ಮೂರೋ ಸಲ ಹೀಗಾದ ಮೇಲೆ ನನ್ನ ಗೆಳತಿ "ನಂಗೆ ಹಸಿವಿಲ್ಲ" ಎನ್ನತೊಡಗಿದಳು. ಆಮೇಲೆ ಎಂದೂ ನಮ್ಮ ಮನೆಯಲ್ಲಿ ಅವಳಿಗೆ ಹಸಿವಾಗಲಿಲ್ಲ. ತಾಂಡಾದವರಿಗೆ ಹಸಿವು ಕಡಿಮೆ ಎಂದು ನಾನು ನಿಜವಾಗಿಯೂ ನಂಬಿದ್ದೆ. ನಾನು ಅವಳ ಮನೆಗೆ ಹೋದಾಗ ಅವಳ ತಾಯಿ ಇದ್ದ ಒಂದೇ ಹಿತ್ತಾಳೆ ತಟ್ಟೆಯನ್ನು ಸೆರಗಿನಿಂದ ಒರೆಸಿ ಸಜ್ಜೆ ರೊಟ್ಟಿ, ಕೆಂಪು ಚಟ್ನಿ ಇಟ್ಟು ಕೊಟ್ಟಳು. ತಿಂದೆ. ಮನೆಗೆ ಬಂದು ತಿಂದಿಲ್ಲ ಎಂದೆ. ಹೀಗೆ ಅವಳು ಹಸಿವಿಲ್ಲವೆಂದು ಸುಳ್ಳು ಹೇಳಲು ಕಲಿತಳು, ನಾನು ಉಂಡಿಲ್ಲವೆಂದು. ಆಗ ನಮಗೆ ಎಂಟು ವರ್ಷ.

ದೀಪಾವಳಿ ಕಳೆದ ಮೇಲೆ ತಾಂಡಾದ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತಿತ್ತು. ಕಾಫಿ ಕೊಯ್ಲಿಗೆ ಚಿಕ್ಕಮಗಳೂರಿನ ಕಡೆ ಗುಳೆ ಹೋಗುತ್ತಿದ್ದರು, ಮಕ್ಕಳನ್ನೂ ಕರೆದುಕೊಂಡು. ಅವಳು ತಿರುಗಿ ಬರುವಷ್ಟರಲ್ಲಿ ಪರೀಕ್ಷೆ ಹತ್ತಿರವಾಗಿತ್ತು. ಮೇಷ್ಟ್ರು ಅವಳನ್ನು ಹಿಂದೆ, ಸಣ್ಣ ತರಗತಿಯ ಮಕ್ಕಳ ಜೊತೆ ಕೂರಿಸಿದರು. ಅಷ್ಟರಲ್ಲಿ ನನ್ನ ಹಲಗೆಗೆ ಬೇರೊಬ್ಬಳು ಬಂದಿದ್ದಳು. ಗೆಳತಿ ಹಿಂದಿನಿಂದ ನನ್ನ ಬೆನ್ನನ್ನೇ ನೋಡುತ್ತಿದ್ದಾಳೆಂದು ಗೊತ್ತಿತ್ತು. ನಾನು ತಿರುಗಲಿಲ್ಲ. ಮರುವರ್ಷ ಅವಳು ಶಾಲೆಗೆ ಬರಲಿಲ್ಲ. ನಾವಿಬ್ಬರೂ ಒಂದು ಸಲವೂ ಟೂ ಬಿಟ್ಟಿರಲಿಲ್ಲ.

ಇದನ್ನು ನಿಮಗೆ ಹೇಳಿದ್ದಕ್ಕೆ ಕಾರಣವಿದೆ. ಜಾತಿ, ಬಡತನ, ಭಾಷೆ ಎಂದು ನಾವು ಬೇರೆ ಬೇರೆ ಹೆಸರಿಟ್ಟು ಮಾತಾಡುತ್ತೇವೆ. ಮಗುವಿನ ಬದುಕಿನಲ್ಲಿ ಇವು ಬಿಡಿಬಿಡಿಯಾಗಿ ಬರುವುದಿಲ್ಲ, ಒಬ್ಬಳದೇ ಬೆನ್ನ ಮೇಲೆ ಒಂದರ ಮೇಲೊಂದು ಕೂರುತ್ತವೆ. ಎಲೆಯೂ ಅವಳಿಗೆ, ನಗೆಯೂ ಅವಳಿಗೆ, ಗುಳೆಯೂ ಅವಳಿಗೆ. ಈಗ ನಿಮ್ಮ ಮಗಳ ಗೆಳತಿಯನ್ನು ನೋಡಿ. ಅವಳ ಮನೆಯಲ್ಲಿ ಉರ್ದು, ನಿಮ್ಮ ಮನೆಯಲ್ಲಿ ಅವಳು ಕನ್ನಡದಲ್ಲಿ ಮಾತಾಡಬೇಕು. ಅವಳು ನಿಮ್ಮ ಹಬ್ಬಕ್ಕೆ ಬಂದಳು, ಬೇವುಬೆಲ್ಲ ಹೋಳಿಗೆ ಯಾವುದಕ್ಕೂ ಬೇಡವೆನ್ನಲಿಲ್ಲ. ಅವಳ ತಾಯಿ ನಿಮ್ಮ ಹೋಳಿಗೆಯನ್ನು ಮನೆಯೊಳಗೆ ತೆಗೆದುಕೊಂಡರು. ಐದು ವರ್ಷದ ಗೆಳೆತನದಲ್ಲಿ ನಿಮ್ಮ ಮಗಳು ಅವರ ಮನೆಗೆ ಎಷ್ಟು ಸಲ ಹೋಗಿದ್ದಾಳೆ? ನಿಮ್ಮ ಪತ್ರದಲ್ಲಿ ಒಂದು ಸಲವೂ ಇಲ್ಲ. ಇಬ್ಬರ ನಡುವಿನ ದಾರಿಯನ್ನು ಇಷ್ಟು ದಿನವೂ ಆ ಹುಡುಗಿ ಒಬ್ಬಳೇ ನಡೆದಿದ್ದಾಳೆ.

ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ತಂದೆತಾಯಿ ಅಂದುಕೊಂಡಿರುತ್ತಾರೆ. ಮೂರು, ನಾಲ್ಕು ವರ್ಷಕ್ಕೇ ಮಗು ಜನರನ್ನು ಗುಂಪು ಮಾಡಿ ನೋಡುವುದನ್ನು ಶುರುಮಾಡುತ್ತದೆ. ಬಟ್ಟೆ, ಬಣ್ಣ, ಮಾತು ಯಾವುದು ಕಣ್ಣಿಗೆ ಬಿದ್ದರೆ ಅದರಿಂದ. ಆರರಿಂದ ಹತ್ತು ವರ್ಷದ ನಡುವೆ ಇನ್ನೊಂದು ಅರಿವು ಬರುತ್ತದೆ: ಊರಿನವರು ಯಾವ ಗುಂಪನ್ನು ಏನೆಂದುಕೊಳ್ಳುತ್ತಾರೆ ಎಂಬುದು. ಕೀಳಾಗಿ ಕಾಣಲ್ಪಡುವ ಗುಂಪಿನ ಮಕ್ಕಳಲ್ಲಿ ಈ ಅರಿವು ಉಳಿದವರಿಗಿಂತ ಹೆಚ್ಚು ಚುರುಕು. ನಿಮ್ಮ ಮಗಳು ಮೊನ್ನೆ ಕೇಳಿದ ಪ್ರಶ್ನೆಯನ್ನು ಅವಳ ಗೆಳತಿ ತನ್ನೊಳಗೇ ಬಹಳ ಹಿಂದೆಯೇ ಕೇಳಿಕೊಂಡಿರುತ್ತಾಳೆ. ನಿಮ್ಮ ಹಾಲ್‌ನಲ್ಲಿ ಆಡುತ್ತಾ, ಅಡುಗೆಮನೆಯ ಬಾಗಿಲ ಹತ್ತಿರ ಹೋದಾಗ ಅಜ್ಜಿ ಯಾಕೆ ಎದ್ದು ನಿಲ್ಲುತ್ತಾರೆ ಎಂಬುದನ್ನು ಲೆಕ್ಕ ಹಾಕಿರುತ್ತಾಳೆ.

ಅಡುಗೆಮನೆ, ಪಾತ್ರೆ ಎಂದಾಗ ಒಂದು ಸಮೀಕ್ಷೆ ನೆನಪಾಗುತ್ತದೆ. ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯವರು 2011-12ರಲ್ಲಿ ದೇಶದಾದ್ಯಂತ ಮನೆಮನೆಗೆ ಹೋಗಿ, ನಿಮ್ಮಲ್ಲಿ ಯಾರಾದರೂ ಅಸ್ಪೃಶ್ಯತೆ ಆಚರಿಸುತ್ತಾರೆಯೇ ಎಂದು ಕೇಳಿದರು. ಇಲ್ಲವೆಂದವರಿಗೆ ಮತ್ತೊಂದು ಪ್ರಶ್ನೆ ಇತ್ತು: ಪರಿಶಿಷ್ಟ ಜಾತಿಯವರು ನಿಮ್ಮ ಅಡುಗೆಮನೆಗೆ ಬಂದರೆ, ನಿಮ್ಮ ಪಾತ್ರೆ ಬಳಸಿದರೆ ಅಡ್ಡಿಯಿದೆಯೇ? ಎರಡೂ ಸೇರಿ ಸುಮಾರು 27 ಶೇಕಡಾ ಮನೆಗಳವರು ಆಚರಣೆಯನ್ನು ಒಪ್ಪಿಕೊಂಡರು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನದ 17ನೇ ವಿಧಿ ಜಾರಿಗೆ ಬಂದು ಆಗ ಅರವತ್ತು ವರ್ಷ ದಾಟಿತ್ತು. ಅದು ಜಾತಿಯ ಪ್ರಶ್ನೆ, ನಿಮ್ಮದು ಧರ್ಮದ್ದು ಎನ್ನಬಹುದು. ಆದರೆ ನಿಮ್ಮ ಮನೆಯಲ್ಲಿ ಆ ದಿನ ಅಡ್ಡ ಬಂದದ್ದು ಇದೇ ಅಡುಗೆಮನೆ, ಇದೇ ಪಾತ್ರೆ.

ಮಾಂಸದ ಮಾತು ಬೇರೆ. ಮಾಂಸ ಮುಟ್ಟದಿರುವುದು ನಿಮ್ಮ ಮನೆಯ ನೇಮ, ಅದನ್ನು ಬಿಡಿ ಎಂದು ಯಾರೂ ಹೇಳುವುದಿಲ್ಲ, ಆ ಹುಡುಗಿಯ ತಾಯಿಯೂ ಹೇಳುವುದಿಲ್ಲ. ಮಸಾಲೆ ಅನ್ನ ಬಿಟ್ಟು ಸುರ್ಕುಂಬಾ ಕಳಿಸಿದ್ದೇ ನಿಮ್ಮ ನೇಮ ಗೊತ್ತಿದ್ದರಿಂದ. ಹಾಲು, ಶಾವಿಗೆ, ಸಕ್ಕರೆ, ಉತ್ತುತ್ತಿ, ಗೋಡಂಬಿ, ದ್ರಾಕ್ಷಿ. ಇದರಲ್ಲಿ ನಿಮ್ಮ ಮನೆಯಲ್ಲಿ ಇಲ್ಲದ್ದು ಯಾವುದು? ಚೆಲ್ಲಿದ್ದು ಪದಾರ್ಥದ ಕಾರಣಕ್ಕಲ್ಲ, ಮಾಡಿದ ಕೈಯ ಕಾರಣಕ್ಕೆ. ಇದನ್ನು ನೇರವಾಗಿ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ನೀವೂ ಪತ್ರದಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ.

ಆ ಕೈಯ ಬಗ್ಗೆ ಇನ್ನೊಂದು ಮಾತು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳನ್ನು ನೀವು ಹೊರಗಿನಿಂದಲಾದರೂ ನೋಡಿರುತ್ತೀರಿ. ಹೊಟ್ಟು ಉರಿಯುವ ಒಲೆ, ಹೊಗೆ, ಕಾದ ಮರಳು. ಉಪ್ಪು ಹಿಡಿಸಿದ ಅಕ್ಕಿ ಆ ಮರಳಿಗೆ ಬಿದ್ದು ಅರಳುವಾಗ ಎದುರಿಗೆ ನಿಂತವರ ಮುಖ ಬೇಯುತ್ತದೆ. ಕೆಲಸ ನಸುಕಿನಲ್ಲೇ ಶುರು. ಅಲ್ಲಿ ದುಡಿಯುವವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬದವರು. ಆ ಮಂಡಕ್ಕಿಯೇ ಊರಿನ ಮಂಡಕ್ಕಿ ಮೆಣಸಿನಕಾಯಿಗೆ, ದುಗ್ಗಮ್ಮನ ಜಾತ್ರೆಗೆ, ಎಲ್ಲ ಮನೆಗಳ ಡಬ್ಬಕ್ಕೆ ಹೋಗುವುದು. ನಿಮ್ಮ ಅತ್ತೆ ಸಂಜೆ ಒಗ್ಗರಣೆ ಹಾಕುವ ಮಂಡಕ್ಕಿಯಲ್ಲಿ ಆ ಹುಡುಗಿಯ ತಂದೆಯ ಕೈ ಇದ್ದರೂ ಇರಬಹುದು. ಅಂಗಡಿಯಿಂದ ಬಂದಾಗ ಕೈ ಕಾಣಿಸುವುದಿಲ್ಲ. ಮಗಳ ಗೆಳತಿ ಡಬ್ಬಿ ಹಿಡಿದು ಬಂದಾಗ ಕಾಣಿಸುತ್ತದೆ. ನಿಮ್ಮ ಮಗಳಿಗೆ ಅರ್ಥವಾಗದೆ ಉಳಿದಿರುವುದು ಇದೇ, ಅರ್ಥವಾಗದಿರುವುದು ಅವಳ ತಪ್ಪಲ್ಲ.

ಅತ್ತೆಯನ್ನು ದೂರುವುದು ನನಗೆ ಇಷ್ಟವಿಲ್ಲ. ಅವರ ಮುಖ ನೋಡಿ ಚೆಲ್ಲಿದೆ ಎಂದಿದ್ದೀರಿ. ಅವರು ಚೆಲ್ಲು ಎಂದರೇ? ಪತ್ರದಲ್ಲಿ ಹಾಗಿಲ್ಲ. ಒಂದು ದಿನ ಬಿಡುವಾಗಿದ್ದಾಗ ಅವರ ತವರಿನ ಬಗ್ಗೆ ಕೇಳಿ. ಮೊಹರಂ ಹೇಗೆ ಮಾಡುತ್ತಿದ್ದರು, ಹಬ್ಬಕ್ಕೆ ಬೆಂಕಿ ಹಾಕುವ ಅಲಾಯಿ ಕುಣಿ ಎಲ್ಲಿತ್ತು, ಸಕ್ಕರೆ ಓದಿಸಿಕೊಂಡು ಬರುತ್ತಿದ್ದರೇ ಎಂದು. ನಮ್ಮ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಲಿಂಗಾಯತರು, ನಾಯಕರು, ಕುರುಬರು ಎಲ್ಲರೂ ಮೊಹರಂನ ಪೀರಲ ದೇವರಿಗೆ ಸಕ್ಕರೆ ಒಯ್ದು, ಮುಲ್ಲಾ ಓದಿಕೊಟ್ಟದ್ದನ್ನು ತಂದು ಮನೆಮಂದಿಗೆಲ್ಲ ಹಂಚುತ್ತಿದ್ದರು, ಈಗಲೂ ಹಂಚುತ್ತಾರೆ. ನನ್ನ ಅವ್ವ, ಎಲೆಯಲ್ಲಿ ಮಂಡಕ್ಕಿ ಕೊಟ್ಟ ಅದೇ ಅವ್ವ, ನನಗೆ ಜ್ವರ ಬಂದಾಗ ಆ ಸಕ್ಕರೆಯನ್ನು ನಾಲಿಗೆಗೆ ಇಡುತ್ತಿದ್ದಳು. ನಿಮ್ಮ ಅತ್ತೆಯೂ ತಿಂದಿರಬಹುದು. ವಾದ ಮಾಡಿ ಗೆಲ್ಲಲು ಹೋಗಬೇಡಿ, ಕೇಳಿಸಿಕೊಳ್ಳಿ ಅಷ್ಟೆ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮನೆಯ ಗೋಡೆಯಲ್ಲಿ ಬಸವಣ್ಣನ ಫೋಟೊ ಇದ್ದೇ ಇರುತ್ತದೆ. ಅದನ್ನು ತೋರಿಸಿ ಅತ್ತೆಯ ಬಾಯಿ ಮುಚ್ಚಿಸುವುದಕ್ಕಿಂತ ಅವರ ಸ್ವಂತ ನೆನಪು ಬಾಯಿಗೆ ಬಂದರೆ ಅದರ ಬಲವೇ ಬೇರೆ.

ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಸಾಕು, ಭೇದ ತಾನೇ ಹೋಗುತ್ತದೆ ಎಂಬ ನಂಬಿಕೆಯೊಂದಿದೆ. ಅರ್ಧ ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ್ದರು: ಸುಮ್ಮನೆ ಎದುರಾದರೆ ಸಾಲದು, ಇಬ್ಬರಿಗೂ ಸಮನಾದ ಸ್ಥಾನ ಬೇಕು, ಕೂಡಿ ಮಾಡುವ ಕೆಲಸ ಬೇಕು, ಇಬ್ಬರದೂ ಒಂದೇ ಗುರಿಯಾಗಿರಬೇಕು, ದೊಡ್ಡವರ ಒಪ್ಪಿಗೆ ಕಾಣುವಂತಿರಬೇಕು. ನಮ್ಮ ದೇಶದಲ್ಲೇ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಅವರು 2017ರಲ್ಲಿ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಯುವಕರ ಕ್ರಿಕೆಟ್ ಲೀಗ್ ನಡೆಸಿದರು. ಕೆಲವು ತಂಡಗಳಲ್ಲಿ ಬೇರೆ ಬೇರೆ ಜಾತಿಯವರು, ಕೆಲವುಗಳಲ್ಲಿ ಒಂದೇ ಜಾತಿಯವರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ದಾಟಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರನ್ನು ಎದುರಾಳಿಗಳಾಗಿಯೇ ಕಂಡವರಲ್ಲಿ ಪರಿಣಾಮ ಬಹುಮಟ್ಟಿಗೆ ತಿರುಗುಮುರುಗಾಯಿತು. ಅದೇ ಊರು, ಅದೇ ಮೈದಾನ, ಅದೇ ಆಟ. ಯಾವ ಕಡೆ ನಿಲ್ಲಿಸಿದರು ಎಂಬುದಷ್ಟೇ ಬೇರೆ.

ದೆಹಲಿಯದು ನಿಮ್ಮ ಮನೆಗೆ ಇನ್ನೂ ಹತ್ತಿರದ ಉದಾಹರಣೆ. 2007ರಿಂದ ಅಲ್ಲಿನ ಅನೇಕ ಖಾಸಗಿ ಶಾಲೆಗಳು ಬಡ ಮಕ್ಕಳಿಗೂ ಸೀಟು ಕೊಡಬೇಕಾಯಿತು. ಗೌತಮ್ ರಾವ್ ಎಂಬ ಅರ್ಥಶಾಸ್ತ್ರಜ್ಞರು ಆ ತರಗತಿಗಳ ಉಳ್ಳವರ ಮಕ್ಕಳನ್ನು ಅಧ್ಯಯನ ಮಾಡಿದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿ ಎಂದಾಗ, ಬಡ ಸಹಪಾಠಿಗಳೊಂದಿಗೆ ಓದಿದ್ದವರು ಚೆನ್ನಾಗಿ ಓಡುವ ಬಡ ಮಗುವನ್ನು ಬಿಟ್ಟು ನಿಧಾನವಾಗಿ ಓಡುವ ಉಳ್ಳವರ ಮಗುವನ್ನು ಆರಿಸುವುದು ಕಡಿಮೆಯಾಗಿತ್ತು. ಬಡ ಮಕ್ಕಳ ಜೊತೆ ಆಡಲು ಹೋಗುವುದಕ್ಕೂ ಅವರು ಹೆಚ್ಚು ಒಪ್ಪಿದರು. ಕೊಡುವ ಗುಣವೂ ಹೆಚ್ಚಿತ್ತು. ಕೆಲವು ಶಾಲೆಗಳಲ್ಲಿ ಓದಿನ ಗುಂಪುಗಳನ್ನು ಹೆಸರಿನ ಅಕ್ಷರದ ಪ್ರಕಾರ ಮಾಡುತ್ತಿದ್ದರು. ಅಕ್ಷರದ ದೆಸೆಯಿಂದ ಬಡ ಮಗುವಿನ ಪಕ್ಕ ಕುಳಿತು ಕೂಡಿ ಓದಿದವರಲ್ಲಿ ಈ ಬದಲಾವಣೆ ಚೆನ್ನಾಗಿ ಕಂಡಿತು.

ನಮ್ಮ ರಾಜ್ಯದಲ್ಲಿ ಅಂಥ ತರಗತಿ ಸಿಗುವುದೇ ಕಷ್ಟವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳು 25 ಶೇಕಡಾ ಸೀಟು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕೆಂದಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ ಎಂದು ಕರ್ನಾಟಕ 2019ರಲ್ಲಿ ನಿಯಮ ಬದಲಿಸಿತು. ಆಮೇಲೆ ಆ ದಾರಿಯಲ್ಲಿ ಬರುವ ಮಕ್ಕಳು ತೀರಾ ಕಡಿಮೆಯಾದರು. ಸರ್ಕಾರಿ ಶಾಲೆ ಉಳಿಯಲಿ ಎಂಬ ಕಾಳಜಿ ಅದರ ಹಿಂದೆ ಇತ್ತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಬ್ಯಾಂಕಿನವರ ಮಗಳೂ ಭಟ್ಟಿಯವರ ಮಗಳೂ ಒಂದೇ ಬೆಂಚಿನಲ್ಲಿ ಕೂರುವ ಜಾಗಗಳು ಇನ್ನಷ್ಟು ಕಡಿಮೆಯಾದವು. ನಿಮ್ಮ ಮಗಳಿಗೆ ಅಂಥ ಬೆಂಚು ಸಿಕ್ಕಿದೆ. ಬರುವ ವರ್ಷ ಶಾಲೆ ಬದಲಿಸುವ ನಿರ್ಧಾರ ನಿಮ್ಮದು. ಅದನ್ನು ಮಾಡುವಾಗ ಶುಲ್ಕ, ಬಸ್ಸು, ಸಿಲಬಸ್ಸಿನ ಜೊತೆ ಈ ಬೆಂಚನ್ನೂ ಲೆಕ್ಕಕ್ಕೆ ಹಿಡಿಯಿರಿ ಎಂದು ಯಜಮಾನರಿಗೆ ಹೇಳಿ. ಬದಲಿಸುವುದೇ ಆದರೆ ಇನ್ನುಳಿದ ತಿಂಗಳುಗಳಲ್ಲೇ ಗೆಳೆತನವನ್ನು ಶಾಲೆಯಿಂದ ಮನೆಗೆ ದಾಟಿಸಬೇಕು. ಶಾಲೆಯಲ್ಲಿ ಮಾತ್ರ ಇದ್ದ ಗೆಳೆತನ ಶಾಲೆ ಬಿಟ್ಟ ದಿನ ಮುಗಿಯುತ್ತದೆ.

ಹೊರಗಿನ ಗಾಳಿಯೂ ಇದೆ. 2022ರ ಫೆಬ್ರುವರಿಯಲ್ಲಿ ಹಿಜಾಬ್ ವಿಷಯ ಎದ್ದು ರಾಜ್ಯದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಟ್ಟರಲ್ಲ, ಆ ದಿನಗಳಲ್ಲಿ ಇಬ್ಬರು ಹುಡುಗಿಯರು ಬೇರೆ ಬೇರೆ ದಿನ ನನ್ನ ಹತ್ತಿರ ಬಂದಿದ್ದರು. ಎಂಟನೇ ತರಗತಿಯಿಂದ ಒಂದೇ ಬೆಂಚು. "ಜಗಳ ಆಡಿಲ್ಲ ಮೇಡಂ, ಬೆಂಚ್ ಬದಲಾಯ್ತು ಅಷ್ಟೆ" ಎಂದಳು ಒಬ್ಬಳು. "ಅವಳು ಫೋನ್ ಮಾಡ್ತಾಳೆ ಅಂತ ಕಾಯ್ತಿದ್ದೆ" ಎಂದಳು ಇನ್ನೊಬ್ಬಳು. ಕೋರ್ಟಿನಲ್ಲಿ ಏನಾಗಬೇಕು ಎಂಬುದು ನನ್ನ ಕೈಯಲ್ಲಿರಲಿಲ್ಲ. ಫೋನ್ ಮಾಡು ಎಂದು ಹೇಳುವುದು ನನ್ನ ಕೈಯಲ್ಲಿತ್ತು, ಹೇಳಿದೆ. ನಿಮ್ಮ ಮಗಳು ಆ ವಯಸ್ಸಿಗೆ ಬರಲು ಇನ್ನು ಐದಾರು ವರ್ಷ. ಅಷ್ಟರಲ್ಲಿ ಎಂಥ ಗಾಳಿ ಬೀಸುತ್ತದೋ ಹೇಳಲಾಗದು. ಆಗ ಇಬ್ಬರಲ್ಲಿ ಒಬ್ಬಳಾದರೂ ಫೋನ್ ಎತ್ತಿಕೊಳ್ಳಬೇಕಾದರೆ, ಇನ್ನೊಬ್ಬಳ ಮನೆಯ ಒಳಗು ಹೇಗಿದೆ, ಅವಳ ತಾಯಿ ಹೇಗೆ ನಗುತ್ತಾರೆ ಎಂಬುದು ಅವಳಿಗೆ ಗೊತ್ತಿರಬೇಕು.

ಈಗ ಮಗಳಿಗೆ ಏನು ಹೇಳುವುದು. "ಎಲ್ಲರೂ ಒಂದೇ" ಎಂಬ ಮಾತನ್ನು ಸದ್ಯ ಬಿಡಿ. ಮಾತು ತಪ್ಪೆಂದಲ್ಲ; ಬಚ್ಚಲಿಗೆ ಹೋದದ್ದನ್ನು ಕಣ್ಣಾರೆ ಕಂಡ ಮಗುವಿಗೆ ಆ ಮಾತು ಸುಳ್ಳಾಗಿ ಕೇಳಿಸುತ್ತದೆ. ಪಕ್ಕದಲ್ಲಿ ಕೂರಿಸಿಕೊಂಡು, ಆದದ್ದನ್ನು ಆದ ಹಾಗೆ ಹೇಳಿ. "ಅವತ್ತು ನಾನು ತಪ್ಪು ಮಾಡಿದೆ. ಅದರಲ್ಲಿ ನಾವು ತಿನ್ನಬಾರದ್ದು ಏನೂ ಇರಲಿಲ್ಲ. ಬೇರೆ ಧರ್ಮದವರ ಮನೆದು ಅಂತ ನಂಗೆ ಅಂಜಿಕೆ ಆಯ್ತು, ಅಜ್ಜಿ ಏನಂತಾರೋ ಅಂತಾನೂ ಆಯ್ತು. ಚೆಲ್ಲಬಾರದಿತ್ತು." ಇಷ್ಟು ಸಾಕು. ಅವಳು ಅತ್ತರೆ ಅಳಲಿ. ಸಿಟ್ಟು ಮಾಡಿದರೆ ಮಾಡಲಿ. "ಅವರು ಬೇರೆ ಏನು?" ಎಂದು ಮತ್ತೆ ಕೇಳಿದರೆ, ಹೌದು, ಅವರ ದೇವರ ಹೆಸರು ಬೇರೆ, ಹಬ್ಬ ಬೇರೆ, ಮನೆಮಾತು ಬೇರೆ, ಅವರ ಅಪ್ಪನ ಕೆಲಸ ಕಷ್ಟದ್ದು, ನಮಗಿಂತ ದುಡ್ಡು ಕಡಿಮೆ, ಇದ್ಯಾವುದರಿಂದಲೂ ಅವಳ ತಟ್ಟೆ ಬೇರೆಯಾಗಬಾರದು ಎನ್ನಿ. ಹತ್ತು ವರ್ಷದವಳಿಗೆ ಇದು ಅರ್ಥವಾಗುತ್ತದೆ. ಗೆಳತಿಗೆ ಏನು ಹೇಳಬೇಕು ಎಂಬುದನ್ನು ನೀವು ಬರೆದುಕೊಡಬೇಡಿ. ಅವಳಿಗೆ ತೋಚಿದಂತೆ ಹೇಳಿಕೊಳ್ಳಲಿ, ಹೇಳದಿದ್ದರೂ ಇರಲಿ.

ಆ ಹುಡುಗಿಯ ತಾಯಿಯನ್ನು ನೀವೇ ಕಾಣಬೇಕು. ಚೆಲ್ಲಿದ್ದನ್ನು ಅವರ ಮುಂದೆ ಬಿಚ್ಚಿ ಹೇಳಿ ಅವರನ್ನು ಇನ್ನಷ್ಟು ನೋಯಿಸಬೇಡಿ. ಅವರಿಗೆ ತಿಳಿದಿದೆ ಎಂಬುದು ನಿಮಗೆ ತಿಳಿದಿದ್ದರೆ ಸಾಕು. "ಅವತ್ತು ಡಬ್ಬಿ ಹಂಗೇ ಕಳಿಸಿಬಿಟ್ಟೆ, ಮನಸ್ಸಿಗೆ ಭಾಳ ಹತ್ತಿತು" ಎಂದರೆ ಅವರಿಗೆ ಅರ್ಥವಾಗುತ್ತದೆ. ದೊಡ್ಡ ಉಡುಗೊರೆ ಒಯ್ಯಬೇಡಿ. ತಿರುಗಿ ಕೊಡಲಾಗದ್ದನ್ನು ಬಡವರ ಮನೆಗೆ ಒಯ್ದರೆ ಅದೊಂದು ಭಾರ. ಹುಟ್ಟುಹಬ್ಬಕ್ಕೆ ಕರೆಯುವಾಗಲೂ ಇದು ನೆನಪಿರಲಿ: ಗಿಫ್ಟ್ ತರಬೇಕಾಗುತ್ತದೆಂದೇ ಬಾರದ ಮಕ್ಕಳು ಎಷ್ಟೋ. ಯಾರೂ ಏನೂ ತರಬಾರದು ಎಂದು ಎಲ್ಲರಿಗೂ ಹೇಳಿ, ಅವಳೊಬ್ಬಳಿಗೇ ಅಲ್ಲ. ಹೋಗಿಬಂದ ಫೋಟೊವನ್ನು ವಾಟ್ಸ್‌ಆಪ್ ಸ್ಟೇಟಸ್‌ಗೆ ಹಾಕಬೇಡಿ. ಆ ತಾಯಿಗೂ ಅಕ್ಕಪಕ್ಕದವರಿದ್ದಾರೆ, ಅವರಿಗೂ ಅಂಜಿಕೆಗಳಿವೆ. ಅವರು ಮಗಳನ್ನು ನಿಮ್ಮ ಮನೆಗೆ ಕಳಿಸಲು ಹಿಂಜರಿದರೆ ಒತ್ತಾಯ ಮಾಡಬೇಡಿ. ಐದು ವರ್ಷ ಅವಳು ಬಂದಳು, ಈಗ ಸ್ವಲ್ಪ ಕಾಲ ನಿಮ್ಮ ಮಗಳು ಹೋಗಲಿ.

ಶಾಲೆಯಲ್ಲಿ ತರಗತಿ ಶಿಕ್ಷಕಿಯನ್ನು ಕಂಡು ಇಬ್ಬರನ್ನೂ ಯಾವುದಾದರೂ ಒಂದು ಕೆಲಸಕ್ಕೆ ಜೊತೆ ಮಾಡಿಸಿ, ಪ್ರತಿಭಾ ಕಾರಂಜಿಯ ಸಾಮೂಹಿಕ ಸ್ಪರ್ಧೆಯೋ, ವಿಜ್ಞಾನದ ಮಾದರಿಯೋ. ಅಂಕದಲ್ಲಿ ಯಾರು ಮುಂದೆ ಎಂದು ಮನೆಯಲ್ಲಿ ಹೋಲಿಸುವ ಅಭ್ಯಾಸವಿದ್ದರೆ ನಿಲ್ಲಿಸಿ. ಮಗಳು ಗೆಳತಿಯಿಂದ ದಿನಕ್ಕೊಂದು ಉರ್ದು ಶಬ್ದ ಕಲಿತು ಬರಲಿ. ಗೆಳತಿ ಮೇಷ್ಟರಾಗುವ, ನಿಮ್ಮ ಮಗಳು ಉಚ್ಚಾರ ತಪ್ಪುವ ಗಳಿಗೆ ಇಬ್ಬರಿಗೂ ಬೇಕು.

ಅವರ ಮನೆಗೆ ಹೋದ ದಿನ ಏನಾದರೂ ಕೊಟ್ಟೇ ಕೊಡುತ್ತಾರೆ, ಬಹುಶಃ ಚಹಾ. ಒಳಗಿನಿಂದ ಇದ್ದುದರಲ್ಲಿ ಒಳ್ಳೆಯ ಕಪ್ಪು ಹುಡುಕಿ ತರುವ ಸದ್ದು ನಿಮಗೆ ಕೇಳಿಸುತ್ತದೆ. ಬೇಡ, ಈಗ ತಾನೇ ಕುಡಿದು ಬಂದೆ ಎನ್ನಬೇಡಿ. ನಿಮ್ಮ ಮಗಳು ಪಕ್ಕದಲ್ಲೇ ಕುಳಿತಿರುತ್ತಾಳೆ, ಕಪ್ಪನ್ನೂ ನಿಮ್ಮ ಕೈಯನ್ನೂ ನೋಡುತ್ತಿರುತ್ತಾಳೆ. ಕುಡಿದು, ಇನ್ನರ್ಧ ಕಪ್ಪು ಕೇಳಿ. ಬರುವಾಗ ಮಗಳನ್ನು ಅಲ್ಲೇ ಆಡಲು ಬಿಟ್ಟು, ಕತ್ತಲಾಗುವ ಮೊದಲು ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬನ್ನಿ.